ಹಳೆಯ ಗಾಜಿನ ಕಪಾಟು: ಮೊದಲು ಹಿಂಬದಿ ನೋಡಿ

ಪ್ರಶ್ನೆ: ಗೋವಾ ಕಡೆಯ ಹಳೇ ಮನೆಯಿಂದ ಬಂದದ್ದೆನ್ನುವ ಗಾಜಿನ ಕಪಾಟೊಂದು ಕಾರವಾರದಲ್ಲಿ ಮಾರಾಟಕ್ಕಿದೆ. ಆರಡಿ ಎತ್ತರ, ಮೂರೂವರೆ ಅಡಿ ಅಗಲ. ನೂರೈವತ್ತು ವರ್ಷದ್ದು, ಅಪ್ಪಟ ಸಾಗವಾನಿ, ಗಾಜೂ ಮೂಲದ್ದೇ ಎನ್ನುತ್ತಾರೆ. ಏನು ನೋಡಿ ಕೊಳ್ಳಬೇಕು? — ಓದುಗರು, ಸದಾಶಿವಗಡ

ಉತ್ತರ: ಕಪಾಟನ್ನು ಗೋಡೆಯಿಂದ ಈಚೆಗೆ ಎಳೆಸಿ, ಮೊದಲು ಹಿಂಬದಿ ನೋಡಿ. ಪಾಲಿಶ್ ಬೀಳುವುದು ಮುಂದೆ ಮಾತ್ರ, ಹಿಂದಿನ ಹಲಗೆಗೆ ಯಾರೂ ಕೈ ಹಚ್ಚಿರುವುದಿಲ್ಲ. ಕೈಗರಗಸದಲ್ಲಿ ಕೊಯ್ದ ಹಲಗೆಯ ಮೇಲೆ ನೇರವಾದ, ಒಂದಕ್ಕೊಂದು ಸಮವಿಲ್ಲದ ಗೀರುಗಳಿರುತ್ತವೆ. ಬಿಲ್ಲಿನಂತೆ ಬಾಗಿದ ಗೀರು ಕಂಡರೆ ಅದು ಯಂತ್ರದ ಚಕ್ರಗರಗಸದ್ದು. ಪ್ಲೈವುಡ್ ಕಂಡರೆ ಹಿಂಬದಿ ಬದಲಾಗಿದೆ, ಇಲ್ಲವೇ ಕಪಾಟೇ ಈಚಿನದು.

ಮರದ ಪರೀಕ್ಷೆಗೆ ತಳದಲ್ಲಿ, ಕಣ್ಣಿಗೆ ಬೀಳದ ಕಡೆ, ಚಾಕುವಿನ ತುದಿಯಿಂದ ಅರ್ಧ ಇಂಚು ಗೀರಲು ಅನುಮತಿ ಕೇಳಿ. ಸಾಗವಾನಿಯಾದರೆ ಒಳಗೂ ಹೊಂಬಣ್ಣದ ಕಂದು ಇರುತ್ತದೆ, ಬೆರಳಿಗೆ ಸ್ವಲ್ಪ ಜಿಡ್ಡು ಹತ್ತುತ್ತದೆ, ಹಳೇ ಚರ್ಮದಂಥ ವಾಸನೆ ಬರುತ್ತದೆ. ಗೀರಿದಲ್ಲಿ ಬೆಳ್ಳಗೆ ಕಂಡರೆ ಅಗ್ಗದ ಮರಕ್ಕೆ ಬಣ್ಣ ಕುಡಿಸಿದ್ದಾರೆ ಎಂದೇ ತಿಳಿಯಿರಿ. ಬೀಟೆ ಸಾಗವಾನಿಗಿಂತ ಸ್ಪಷ್ಟವಾಗಿ ಭಾರ, ಕಪ್ಪುಗೆರೆಯ ನೇರಳೆ ಬಣ್ಣದ್ದು.

ತಿರುಪುಗಳನ್ನೂ ನೋಡಿ. ಕೂಡಿಸುವ ಗುರುತಿನಂಥ ಅಡ್ಡ-ಉದ್ದ ಸೀಳಿನ ತಲೆಯ ತಿರುಪು ಬಂದದ್ದೇ 1930ರ ದಶಕದಲ್ಲಿ. ಒಂದೆರಡು ಇದ್ದರೆ ರಿಪೇರಿ ಎನ್ನಬಹುದು. ಎಲ್ಲವೂ ಹಾಗೇ ಇದ್ದರೆ ನೂರೈವತ್ತು ವರ್ಷದ ಮಾತು ನಿಲ್ಲುವುದಿಲ್ಲ. ಬಿಜಾಗರಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ಹಿತ್ತಾಳೆ ಲೇಪದ ಕಬ್ಬಿಣ, ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಗಾಜಿನ ಮುಂದೆ ನಿಂತು ಎದುರಿನ ಕಿಟಕಿ ಸರಳಿನ ಪ್ರತಿಬಿಂಬ ನೋಡುತ್ತ ತಲೆಯನ್ನು ನಿಧಾನವಾಗಿ ಆಚೀಚೆ ಆಡಿಸಿ. ಹಳೆಯ ಗಾಜಿನಲ್ಲಿ ಸರಳು ನೀರಿನಲ್ಲಿ ಕಂಡಂತೆ ಬಳುಕುತ್ತದೆ, ಅಲ್ಲಲ್ಲಿ ಸಾಸಿವೆಯಷ್ಟು ಗುಳ್ಳೆ ಇರುತ್ತದೆ. ಸರಳು ಗೆರೆ ಎಳೆದಂತೆ ನೇರ ಕಂಡರೆ ಅದು ಫ್ಲೋಟ್ ಗಾಜು, ಅಂದರೆ ಕರಗಿದ ತವರದ ಮೇಲೆ ತೇಲಿಸಿ ಮಾಡಿದ್ದು. ಆ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ್ದು 1959ರಲ್ಲಿ. ನಾಲ್ಕರಲ್ಲಿ ಒಂದು ಗಾಜು ಬದಲಾಗಿದ್ದರೆ ದೋಷವಲ್ಲ, ನಾಲ್ಕೂ ಹೊಸದಾದರೆ ‘ಮೂಲದ ಗಾಜಿ’ಗೆ ಬೆಲೆ ಕೊಡಬೇಡಿ. ಹಳೆಯ ಗಾಜು ಕಾಲಕ್ರಮೇಣ ಕೆಳಗಿಳಿದು ಬುಡ ದಪ್ಪವಾಗುತ್ತದೆ ಎಂದು ಯಾರಾದರೂ ತೋರಿಸಿದರೆ ನಂಬಬೇಡಿ. ಗಾಜು ಹಾಗೆ ಹರಿಯುವುದಿಲ್ಲ. ಆ ಏರುಪೇರು ತಯಾರಾದ ದಿನದಿಂದಲೇ ಇದ್ದದ್ದು.

ಎಲ್ಲಕ್ಕಿಂತ ಮುಖ್ಯ ಚೌಕಟ್ಟು. ಬಾಗಿಲು ತೆರೆದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ, ಎರಡೂ ಕಡೆಯಿಂದ ಟೇಪು ಹಿಡಿಯಿರಿ. ಎರಡು ಅಳತೆಯ ನಡುವೆ ಐದು ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಕಪಾಟು ವಾಲಿದೆ. ಆಗ ಭಾರ ಗಾಜಿನ ಮೂಲೆಗೆ ಬೀಳುತ್ತದೆ, ಸಾಗಿಸುವಾಗಲೇ ಸೀಳುತ್ತದೆ. ಒಳ್ಳೆಯ ಹಳೇ ಕೆಲಸದಲ್ಲಿ ಅಡ್ಡಪಟ್ಟಿಯ ತುದಿ ಕಂಬದ ತೂತಿನೊಳಗೆ ಕೂತು, ಮೇಲೆ ಮರದ ಗೂಟ ಹೊಡೆದಿರುತ್ತದೆ. ಗೂಟ ಸಡಿಲಾಗಿದ್ದರೆ ಆಚಾರಿಗಳು ಬಿಚ್ಚಿ ಕೂಡಿಸಬಲ್ಲರು. ಅದೇ ಸಂದಿಗೆ ಮೊಳೆ ಹೊಡೆದು ಬಿಗಿಸಿದ್ದರೆ ಮರ ಸೀಳಿರುತ್ತದೆ, ಅಂಥದ್ದನ್ನು ಬಿಟ್ಟುಬಿಡಿ. ಕತೆಯಲ್ಲಿ ಅರ್ಧ ಸುಳ್ಳಿದ್ದರೂ ಕೀಲು ಗಟ್ಟಿಯಿರುವ ಕಪಾಟು ಕೊಳ್ಳಲು ಯೋಗ್ಯ.

ತರುವಾಗ ಬಾಗಿಲು ಕಳಚಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗಾಜಿರುವ ಬಾಗಿಲನ್ನು ಮಲಗಿಸದೆ ನಿಲ್ಲಿಸಿಯೇ ಒಯ್ಯಿರಿ. ಹಣ ಕೊಡುವ ಮೊದಲು ನಿಮ್ಮ ಹೆಬ್ಬಾಗಿಲ ಎತ್ತರ ಅಳೆಯಿರಿ. ಮೇಲಿನ ಕೆತ್ತನೆಯ ಪಟ್ಟಿ ಬಹಳ ಕಪಾಟುಗಳಲ್ಲಿ ಎತ್ತಿದರೆ ಬಿಡಿಯಾಗಿ ಬರುತ್ತದೆ.

ಪ್ರಶ್ನೆ: ಮನೆಯಲ್ಲಿರುವ ಹಳೇ ಕಪಾಟಿನ ಕೆಳಗೆ ದಿನಾ ಹಿಟ್ಟಿನಂಥ ಪುಡಿ ಬೀಳುತ್ತಿದೆ. ಸೀಮೆಎಣ್ಣೆ ಒರೆಸಿದರೂ ನಿಂತಿಲ್ಲ. — ಓದುಗರು, ಶಿರಸಿ

ಉತ್ತರ: ಇದು ಒರಲೆಯಲ್ಲ, ಕುಟ್ಟೆಹುಳು. ಒರಲೆ ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ. ಕುಟ್ಟೆ ಒಳಗೇ ಇದ್ದು, ಹೊರಬರುವಾಗ ಒಂದೆರಡು ಮಿಲಿಮೀಟರಿನ ದುಂಡನೆ ತೂತು ಬಿಡುತ್ತದೆ. ಇಂಥ ಹಿಟ್ಟಿನ ಕುಟ್ಟೆಗೆ ಬೇಕಾದದ್ದು ಕೆಚ್ಚಿನ ಹೊರಗಿರುವ ಬೆಳ್ಳನೆಯ ಭಾಗ, ಹಾಗಾಗಿ ಸಾಗವಾನಿಯ ಕೆಚ್ಚನ್ನು ಅದು ಮುಟ್ಟುವುದು ಕಡಿಮೆ. ಸೀಮೆಎಣ್ಣೆ ಮೇಲ್ಮೈಯಲ್ಲೇ ಆರಿಹೋಗುತ್ತದೆ, ಒಳಗಿನ ಮರಿಹುಳಕ್ಕೆ ತಟ್ಟುವುದಿಲ್ಲ.

ಮೊದಲು ಪುಡಿ ಪೂರ್ತಿ ಗುಡಿಸಿ, ಕಪ್ಪು ಕಾಗದ ಹಾಸಿ ಹದಿನೈದು ದಿನ ಬಿಡಿ. ಎಲ್ಲಿ ಪುಡಿ ಬಿತ್ತೋ ಅದರ ನೇರ ಮೇಲಿನ ತೂತುಗಳೇ ಸಜೀವ. ಬಣ್ಣದ ಅಂಗಡಿಯಲ್ಲಿ ಸಿಗುವ, ನೀರು ಬೆರೆಸದ ಮರದ ಕೀಟನಾಶಕವನ್ನು ಸಿರಿಂಜಿನಿಂದ ಪ್ರತಿ ತೂತಿಗೂ ಅದು ತುಳುಕುವವರೆಗೆ ತುಂಬಿ. ಕೈಗವಸು, ಮುಖಕ್ಕೆ ಮಾಸ್ಕ್ ಇರಲಿ. ಆ ಭಾಗವನ್ನು ಪ್ಲಾಸ್ಟಿಕ್‌ನಿಂದ ಮೂರು ದಿನ ಸುತ್ತಿಡಿ, ಮೂರು ವಾರದ ಮೇಲೆ ಮತ್ತೊಮ್ಮೆ ಮಾಡಿ. ಆಮೇಲೆ ತೂತುಗಳನ್ನು ಬಣ್ಣ ಬೆರೆಸಿದ ಮೇಣದಿಂದ ಮುಚ್ಚಲೇಬೇಕು. ಹಾಗಾದರೆ ಮುಂದಿನ ವರ್ಷ ತೂತು ಕಂಡರೆ ಅದು ಹೊಸದು ಎಂದು ತಿಳಿಯುತ್ತದೆ. ಊಟದ ಪಾತ್ರೆಗಳನ್ನು ಈ ಕಪಾಟಿನಲ್ಲಿ ಇಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಕಪಾಟಿನ ಬಾಗಿಲು ಹಾಕಲು ಬರುವುದಿಲ್ಲ. ಅಂಚು ಸವರಿಸಲೇ? — ಓದುಗರು, ಅಂಕೋಲಾ

ಉತ್ತರ: ಜುಲೈಯಲ್ಲಿ ಬೇಡ. ಮರ ಈಗ ಗಾಳಿಯ ತೇವ ಕುಡಿದು ಅಗಲವಾಗಿದೆ. ಈಗ ಉಜ್ಜುಗೊರಡು ಹಾಕಿದರೆ ಫೆಬ್ರವರಿಯಲ್ಲಿ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಮೊದಲು ಬಿಜಾಗರಿಯ ತಿರುಪು ಬಿಗಿಮಾಡಿ. ಬಾಗಿಲು ಜೋತು ಬಿದ್ದೇ ತಾಗುವುದು ಹೆಚ್ಚು. ಒಣಗಾಲದಲ್ಲೂ ತಾಗಿದರೆ ಮಾತ್ರ ಸವರಿಸಿ, ಸವರಿದ ಅಂಚಿಗೆ ಅಂದೇ ಪಾಲಿಶ್ ಕೊಡಿ. ಅರಗಿನ ಪಾಲಿಶನ್ನು ಮಾತ್ರ ಮಳೆಯಲ್ಲಿ ಮಾಡಿಸಲೇಬೇಡಿ. ಸ್ಪಿರಿಟ್ ಆರುವಾಗ ತೇವ ಸಿಕ್ಕಿಕೊಂಡು ಮೇಲ್ಮೈ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ.

ಪ್ರಶ್ನೆ: ಅಜ್ಜನ ಯಕ್ಷಗಾನದ ಕಿರೀಟ, ಭುಜಕೀರ್ತಿ, ಗುಡಿಗಾರರ ಕೆಲಸದ ಒಂದೆರಡು ಗಂಧದ ಕೆತ್ತನೆಗಳನ್ನು ಹಳೇ ಗಾಜಿನ ಕಪಾಟಿನಲ್ಲಿ ಇಡಬೇಕೆಂದಿದ್ದೇವೆ. ಬೂಷ್ಟು ಹಿಡಿಯದಂತೆ ಹೇಗೆ? ಮನೆಯಲ್ಲಿ ಚಿಕ್ಕ ಮಕ್ಕಳೂ ಇದ್ದಾರೆ. — ಓದುಗರು, ಹೊನ್ನಾವರ

ಉತ್ತರ: ಇಂಥ ವಸ್ತುಗಳು ಇನ್ನೊಮ್ಮೆ ಸಿಗುವುದಿಲ್ಲ, ಆದ್ದರಿಂದ ಜಾಗದ ಆಯ್ಕೆಯಲ್ಲಿ ಅವಸರ ಬೇಡ. ಚಿರೇಕಲ್ಲಿನ ಹೊರಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ. ಒಳಗೋಡೆ ಆರಿಸಿ, ನಡುವೆ ಮೂರು ಇಂಚು ಗಾಳಿಗೆ ಬಿಡಿ. ಪಡುವಣ ಕಿಟಕಿಯ ಸಂಜೆ ಬಿಸಿಲು ಬಟ್ಟೆ, ಬಣ್ಣ ಎರಡನ್ನೂ ತಿನ್ನುತ್ತದೆ.

ಮೇ ತಿಂಗಳಲ್ಲೇ, ಮಳೆಗೆ ಮುಂಚೆ, ವಸ್ತುಗಳನ್ನು ನೆರಳಿನ ಗಾಳಿಯಲ್ಲಿ ಎರಡು ದಿನ ಒಣಗಿಸಿ ಒಳಗಿಡಿ. ತೇವ ಹೊತ್ತ ಬಟ್ಟೆಯನ್ನು ಮುಚ್ಚಿದ ಗಾಜಿನೊಳಗೆ ಇಟ್ಟರೆ ಬೂಷ್ಟನ್ನು ಸಾಕಿದಂತೆ. ಬಾಗಿಲಿನ ಸಂದಿಗೆ ತೆಳು ಪಟ್ಟಿ ಅಂಟಿಸಿ, ಬಣ್ಣ ಬದಲಿಸುವ ಕಿತ್ತಳೆ ಸಿಲಿಕಾ ಜೆಲ್ಲನ್ನು ಅರ್ಧ ಕಿಲೋದಂತೆ ಎರಡು ಚೀಲ ಮಾಡಿಕೊಳ್ಳಿ. ಒಂದು ಕಪಾಟಿನಲ್ಲಿ, ಇನ್ನೊಂದು ಡಬ್ಬಿಯಲ್ಲಿ. ಹಸಿರಾದರೆ ಕಾಳುಗಳನ್ನು ತಟ್ಟೆಗೆ ಸುರಿದು 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ. ಸಂದಿಯಿರುವ ಹಳೇ ಕಪಾಟಿನಲ್ಲಿ ಜಡಿಮಳೆಯ ದಿನ ಅದು ಬೇಗ ಮುಗಿಯುತ್ತದೆ, ವಾರಕ್ಕೊಮ್ಮೆ ನೋಡಲೇಬೇಕು. ಗಂಧದ ಕೆತ್ತನೆಗೆ ಎಣ್ಣೆ, ವಾರ್ನಿಶ್ ಹಚ್ಚಬೇಡಿ. ಪರಿಮಳ ಮುಚ್ಚಿಹೋಗುತ್ತದೆ, ಕೆತ್ತನೆಯ ಸಂದಿಯಲ್ಲಿ ಧೂಳು ಕೂರುತ್ತದೆ. ಮೆತ್ತನೆ ಬ್ರಶ್ ಸಾಕು.

ಮಕ್ಕಳಿದ್ದಲ್ಲಿ ಹಳೇ ಗಾಜು ಅಪಾಯವೇ. ಒಡೆದರೆ ಉದ್ದುದ್ದ ಚೂಪು ಚೂರಾಗುತ್ತದೆ. ಗಾಜು ತೆಗೆಯಬೇಕಿಲ್ಲ, ಒಳಮೈಗೆ ಪಾರದರ್ಶಕ ಸುರಕ್ಷಾ ಫಿಲ್ಮ್ ಅಂಟಿಸಿ. ಕಪಾಟಿನ ತಲೆಯನ್ನು ಗೋಡೆಗೆ ಎಲ್ ಆಕಾರದ ಎರಡು ಪಟ್ಟಿಯಿಂದ ಬಿಗಿಯಿರಿ. ಮಗು ಬಾಗಿಲು ಹಿಡಿದು ಜೋತಾಡಿದರೆ ಇಡೀ ಕಪಾಟು ಮುಂದಕ್ಕೆ ಬೀಳುತ್ತದೆ.

ಪ್ರಶ್ನೆ: ಅಜ್ಜಿಯ ಕೆತ್ತನೆಯ ಕಪಾಟನ್ನು ದುಬೈಯ ಮಗನ ಮನೆಗೆ ಕಳಿಸಬಹುದೇ? — ಓದುಗರು, ಭಟ್ಕಳ

ಉತ್ತರ: ನೂರು ವರ್ಷ ದಾಟಿದ ಕುಶಲಕಲೆಯ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಅಷ್ಟು ಹಳೆಯದಲ್ಲವಾದರೆ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಇಲಾಖೆಯಿಂದ ಪಡೆದು ಕಳಿಸಿ. ದಂತದ ಕುಸುರಿಯಿದ್ದರೆ ವನ್ಯಜೀವಿ ಕಾಯ್ದೆಯೂ ಅಡ್ಡ ಬರುತ್ತದೆ. ಆಗ ಸಾಗಣೆಯ ಮಾತಿಗೆ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.