ಸಹಿ ಹಾಕುವ ಮುನ್ನ: ಕ್ರಿಪ್ಟೊ ವಾಲೆಟ್ ಲೈಬ್ರರಿ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಈಥೀರಿಯಂ ಎಂಬ ಬ್ಲಾಕ್‌ಚೈನ್ ಆರಿಸಿಕೊಂಡೆ. ಅದರ ಜೊತೆ ಮಾತಾಡುವ ಜಾವಾಸ್ಕ್ರಿಪ್ಟ್ ಲೈಬ್ರರಿ ಈಥರ್ಸ್ ಇನ್‌ಸ್ಟಾಲ್ ಆಯ್ತು. ಆದರೆ ಯೂಟ್ಯೂಬ್ ನೋಡಿ ಬರೆದ ಕೋಡ್ ನೆಟ್‌ವರ್ಕ್‌ಗೆ ಸಂಪರ್ಕ ಕೊಡುವ 'ಪ್ರೊವೈಡರ್' ಸಾಲಿನಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಯಾಕೆ?

ಉತ್ತರ: ವಿಡಿಯೊ ಹಳೆಯದಿರಬೇಕು. ಅದು ಈಥರ್ಸ್ ಐದನೇ ಆವೃತ್ತಿಗೆ ಮಾಡಿದ್ದು, ನಿಮ್ಮ ಮಷೀನಿಗೆ ಬಂದಿರುವುದು ಆರನೆಯದು. ಐದರಲ್ಲಿ ಜೇಸನ್ ಆರ್‌ಪಿಸಿ ಪ್ರೊವೈಡರ್ 'ಪ್ರೊವೈಡರ್ಸ್' ಒಳಗಿತ್ತು, ಮೊತ್ತವನ್ನು ಪರಿವರ್ತಿಸುವ ಪಾರ್ಸ್ ಈಥರ್ 'ಯುಟಿಲ್ಸ್' ಒಳಗಿತ್ತು. ಆರರಲ್ಲಿ ಆ ಎರಡು ಗುಂಪನ್ನೂ ತೆಗೆದು ಎಲ್ಲವನ್ನೂ ನೇರವಾಗಿ ಈಥರ್ಸ್ ಕೆಳಗೇ ಇಟ್ಟಿದ್ದಾರೆ. ನಡುವಿನ ಆ ಪದ ಅಳಿಸಿ, ಕೋಡ್ ಓಡುತ್ತದೆ.

ಇನ್ನೊಂದು ಬದಲಾವಣೆ ಇದಕ್ಕಿಂತ ಮುಖ್ಯ. ದೊಡ್ಡ ಸಂಖ್ಯೆಗಳಿಗಿದ್ದ ಹಳೆಯ 'ಬಿಗ್‌ನಂಬರ್' ಹೋಗಿ ಜಾವಾಸ್ಕ್ರಿಪ್ಟ್‌ನ ಸ್ವಂತ ಬಿಗ್‌ಇಂಟ್ ಬಂದಿದೆ. ಈಥೀರಿಯಂನ ನಾಣ್ಯ ಈಥರ್. ಒಂದು ಈಥರ್ ಅಂದರೆ ಒಂದರ ಮುಂದೆ 18 ಸೊನ್ನೆ ಹಾಕಿದಷ್ಟು ವೇ (ಈಥರ್‌ನ ಅತಿ ಚಿಕ್ಕ ಘಟಕ). ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್ ಇಷ್ಟು ದೊಡ್ಡದನ್ನು ಸರಿಯಾಗಿ ಹಿಡಿದಿಡುವುದಿಲ್ಲ, ಸುಮಾರು 0.009 ಈಥರ್ ದಾಟಿದರೆ ಸಾಕು, ವೇ ಲೆಕ್ಕದಲ್ಲಿ ಕೊನೆಯ ಅಂಕಿಗಳು ತಪ್ಪಬಹುದು. ಹಾಗಾಗಿ ಮೊತ್ತವನ್ನು ಪಠ್ಯವಾಗಿಯೇ ಪಾರ್ಸ್ ಈಥರ್‌ಗೆ ಕೊಡಿ. ನೀವೇ ಗುಣಾಕಾರ ಮಾಡಲು ಹೋಗಬೇಡಿ.

ಪ್ರಶ್ನೆ: ವಹಿವಾಟಿಗೆ ಸಹಿ ಹಾಕುವಾಗ ನನ್ನ ಪ್ರೈವೇಟ್ ಕೀ (ವಾಲೆಟ್‌ನ ಗುಟ್ಟಿನ ಸಂಖ್ಯೆ) ಇಂಟರ್‌ನೆಟ್‌ಗೆ ಹೋಗುತ್ತಾ? ನೆಟ್‌ವರ್ಕ್‌ಗೆ ಸಂಪರ್ಕ (ಆರ್‌ಪಿಸಿ) ಕೊಡುವ ಕಂಪನಿಯನ್ನು ನಂಬಬಹುದಾ?

ಉತ್ತರ: ಹೋಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಮುಕ್ಕಾಲು ಪಾಲು ಗೊಂದಲ ಕಳೆಯುತ್ತದೆ.

ಸಹಿ ನಡೆಯುವುದು ಪೂರ್ತಿ ನಿಮ್ಮ ಮಷೀನಿನಲ್ಲಿ. ವೈಫೈ ಆಫ್ ಮಾಡಿಯೂ ಸಹಿ ಹಾಕಬಹುದು. ಲೈಬ್ರರಿ ಮೊದಲು ವಹಿವಾಟಿನ ವಿವರಗಳನ್ನು ಜೋಡಿಸುತ್ತದೆ: ಯಾರಿಗೆ, ಎಷ್ಟು, ನಾನ್ಸ್ (ಆ ಖಾತೆಯ ವಹಿವಾಟಿನ ಕ್ರಮಸಂಖ್ಯೆ) ಎಷ್ಟು, ಗ್ಯಾಸ್ (ವಹಿವಾಟಿಗೆ ಬೇಕಾದ ಲೆಕ್ಕಾಚಾರದ ಅಳತೆ) ಮಿತಿ ಎಷ್ಟು, ಶುಲ್ಕ ಎಷ್ಟು, ಯಾವ ಚೈನ್. ಅದರ ಕೆಚಾಕ್ ಹ್ಯಾಶ್ (ವಿವರಗಳ ಬೆರಳಚ್ಚಿನಂಥ ಸಂಖ್ಯೆ) ತೆಗೆದು, ನಿಮ್ಮ ಕೀ ಬಳಸಿ ಸಹಿ ಮಾಡುತ್ತದೆ. ಹೊರಗೆ ಹೋಗುವುದು ಆ ವಿವರಗಳು ಮತ್ತು ಸಹಿ, ಅಷ್ಟೆ. ಕಳಿಸುವವರ ವಿಳಾಸ ಅದರಲ್ಲಿ ಇರುವುದೇ ಇಲ್ಲ! ಸಹಿಯಿಂದಲೇ ಪಬ್ಲಿಕ್ ಕೀ ಲೆಕ್ಕ ಹಾಕಿ, ಅದರಿಂದ ವಿಳಾಸವನ್ನು ನೋಡ್‌ಗಳು (ನೆಟ್‌ವರ್ಕ್ ನಡೆಸುವ ಕಂಪ್ಯೂಟರ್‌ಗಳು) ತಾವೇ ಕಂಡುಕೊಳ್ಳುತ್ತವೆ. ಇದು ನನಗೆ ಇಡೀ ವ್ಯವಸ್ಥೆಯಲ್ಲೇ ಅತಿ ಚೆಂದ ಅನಿಸುವ ಭಾಗ. ಆರ್‌ಪಿಸಿ ಕಂಪನಿ ನಿಮ್ಮ ವಹಿವಾಟನ್ನು ತಡೆಯಬಹುದು, ತಪ್ಪು ಬ್ಯಾಲೆನ್ಸ್ ತೋರಿಸಬಹುದು, ಆದರೆ ಸಹಿಯಾದ ಮೇಲೆ ಮೊತ್ತವನ್ನಾಗಲಿ ವಿಳಾಸವನ್ನಾಗಲಿ ಬದಲಿಸಲು ಆಗುವುದಿಲ್ಲ.

ಚೈನ್ ಐಡಿ, ಅಂದರೆ ಯಾವ ನೆಟ್‌ವರ್ಕ್ ಎಂದು ಹೇಳುವ ಸಂಖ್ಯೆ, ಅದನ್ನು ಮಾತ್ರ ಮರೆಯಬೇಡಿ. 2016ರಲ್ಲಿ ಈಥೀರಿಯಂ ಒಡೆದು ಈಥೀರಿಯಂ ಕ್ಲಾಸಿಕ್ ಬೇರೆಯಾದಾಗ, ಒಂದು ಕಡೆ ಸಹಿ ಮಾಡಿದ ವಹಿವಾಟನ್ನು ಯಾರು ಬೇಕಾದರೂ ಎತ್ತಿಕೊಂಡು ಇನ್ನೊಂದು ಕಡೆಯೂ ನಡೆಸಬಹುದಿತ್ತು. ಅದೇ ವರ್ಷ ಬಂದ ಇಐಪಿ 155 ಎಂಬ ಈಥೀರಿಯಂ ಸುಧಾರಣೆ ಚೈನ್ ಐಡಿಯನ್ನು ಸಹಿಯೊಳಗೇ ಸೇರಿಸಿ ಇದನ್ನು ತಡೆಯಿತು. ನಿಜವಾದ ಹಣ ಓಡಾಡುವ ಮೇನ್‌ನೆಟ್‌ಗೆ 1, ಪರೀಕ್ಷೆಗಿರುವ ಸೆಪೋಲಿಯಾ ಟೆಸ್ಟ್‌ನೆಟ್‌ಗೆ 11155111.

'ಸೆಂಡ್ ಟ್ರಾನ್ಸಾಕ್ಷನ್' ಕರೆದರೆ ಲೈಬ್ರರಿಯೇ ನೆಟ್‌ವರ್ಕ್ ಕೇಳಿ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. 'ಸೈನ್ ಟ್ರಾನ್ಸಾಕ್ಷನ್' ಹಾಗೆ ತುಂಬುವುದಿಲ್ಲ, ಕೊಟ್ಟಿದ್ದಕ್ಕೆ ಸಹಿ ಹಾಕುತ್ತದೆ. ಅದನ್ನು ಬಳಸುವುದಾದರೆ ಮೊದಲು 'ಪಾಪ್ಯುಲೇಟ್ ಟ್ರಾನ್ಸಾಕ್ಷನ್' ಮಾಡಿ, ಬಂದಿದ್ದನ್ನು ಪ್ರಿಂಟ್ ಮಾಡಿ ಓದಿ. ಬರೀ ಈಥರ್ ಒಂದು ಮಾಮೂಲಿ ವಾಲೆಟ್‌ನಿಂದ ಇನ್ನೊಂದಕ್ಕೆ ಕಳಿಸುವಾಗ ಗ್ಯಾಸ್ 21000 ಇರಬೇಕು. ಜಾಸ್ತಿ ಕಂಡರೆ ಇನ್ನೇನೋ ನಡೆಯುತ್ತಿದೆ ಅಂತ ಅರ್ಥ. ನಾನ್ಸ್ ನಡುವೆ ಒಂದು ಸಂಖ್ಯೆ ಬಿಟ್ಟುಹೋದರೆ, ಅದು ಬರುವ ತನಕ ಮುಂದಿನವೆಲ್ಲ ಕಾಯುತ್ತಾ ಕೂರುತ್ತವೆ.

ಪ್ರಶ್ನೆ: ಪ್ರೈವೇಟ್ ಕೀಯನ್ನು ಎನ್ವ್ ಫೈಲಿನಲ್ಲಿ (ಪ್ರಾಜೆಕ್ಟ್‌ನ ಸೆಟ್ಟಿಂಗ್ ಇಡುವ ಪಠ್ಯ ಫೈಲ್) ಇಟ್ಟರೆ ಸಾಕಾ?

ಉತ್ತರ: ಟೆಸ್ಟ್‌ನೆಟ್‌ಗೆ ಸಾಕು, ನಿಜವಾದ ಹಣಕ್ಕೆ ಸಾಲದು. ಆ ಫೈಲ್ ಜೊತೆ ಕೈತಪ್ಪಿ ಕೋಡ್ ಹಂಚುವ ಗಿಟ್‌ಹಬ್‌ಗೆ ಒಮ್ಮೆ ಹೋದ ಕೀಯನ್ನು ಮುಂದಿನ ಕಮಿಟ್‌ನಲ್ಲಿ (ಬದಲಾವಣೆಯ ದಾಖಲೆ) ಅಳಿಸಿದರೂ ಹಳೆಯ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಪಾಸ್‌ವರ್ಡ್ ಆದರೆ ಬದಲಿಸಬಹುದು, ಕೀ ಬದಲಿಸಲು ಬರುವುದಿಲ್ಲ ಅಲ್ವಾ? ಹೊಸ ವಾಲೆಟ್ ಮಾಡಿ ತಕ್ಷಣ ಹಣ ಸಾಗಿಸುವುದೊಂದೇ ದಾರಿ. ಸ್ವಂತ ಮಷೀನಿನಲ್ಲೇ ಪರೀಕ್ಷೆ ಮಾಡಲು ಬಳಸುವ ಹಾರ್ಡ್‌ಹ್ಯಾಟ್ ಎಂಬ ತಂತ್ರಾಂಶ ತೋರಿಸುವ 20 ಖಾತೆಗಳ ಕೀಗಳಂತೂ ಎಲ್ಲರಿಗೂ ಒಂದೇ, ಲೋಕಕ್ಕೆಲ್ಲ ಗೊತ್ತಿರುವಂಥವು. ಅವುಗಳಿಗೆ ಮೇನ್‌ನೆಟ್‌ನಲ್ಲಿ ಒಂದು ಪೈಸೆಯನ್ನೂ ಕಳಿಸಬೇಡಿ.

ಕೀಯನ್ನು ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ ಕೀಸ್ಟೋರ್ ಫೈಲ್ ಮಾಡಿಕೊಡುವ ಸೌಲಭ್ಯ ಈಥರ್ಸ್‌ನಲ್ಲೇ ಇದೆ, ಅದನ್ನು ಬಳಸಿ. ಮೊತ್ತ ದೊಡ್ಡದಾದರೆ ಕೀಯನ್ನು ತನ್ನೊಳಗೇ ಇಟ್ಟುಕೊಳ್ಳುವ ಪುಟ್ಟ ಸಾಧನ, ಅಂದರೆ ಹಾರ್ಡ್‌ವೇರ್ ವಾಲೆಟ್.

ಆದರೆ ಕೀ ಎಲ್ಲೇ ಇರಲಿ, ಅದನ್ನು ಓದುವ ಲೈಬ್ರರಿಯೇ ಕೆಟ್ಟರೆ? 2024ರ ಡಿಸೆಂಬರ್‌ನಲ್ಲಿ ಸೊಲಾನಾ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ವೆಬ್‌ತ್ರೀ ಜೆಎಸ್ ಲೈಬ್ರರಿಗೆ ಇದೇ ಆಯಿತು. 1.95.6 ಮತ್ತು 1.95.7 ಆವೃತ್ತಿಗಳಲ್ಲಿ ಪ್ರೈವೇಟ್ ಕೀ ಕದಿಯುವ ಕೋಡ್ ಅನ್ನು ಕಳ್ಳರು ಸೇರಿಸಿದ್ದರು. ಕೆಲವೇ ಗಂಟೆಗಳಲ್ಲಿ ಆ ಆವೃತ್ತಿಗಳನ್ನು ತೆಗೆಯಲಾಯಿತು, ಆದರೂ ಆ ಹೊತ್ತಿನಲ್ಲಿ ಅಪ್‌ಡೇಟ್ ಮಾಡಿದವರ ಕೀಗಳು ಅಪಾಯಕ್ಕೆ ಸಿಕ್ಕವು. 2025ರ ಏಪ್ರಿಲ್‌ನಲ್ಲಿ ಎಕ್ಸ್‌ಆರ್‌ಪಿ ಲೆಜರ್ ಎಂಬ ಮತ್ತೊಂದು ಬ್ಲಾಕ್‌ಚೈನ್‌ನ ಲೈಬ್ರರಿಗೂ ಹೀಗೇ ಆಯಿತು. ಎರಡೂ ಆಯಾ ಯೋಜನೆಗಳ ಅಧಿಕೃತ ಲೈಬ್ರರಿಗಳೇ. ಹಾಗಾಗಿ ಆವೃತ್ತಿಯ ಸಂಖ್ಯೆಯನ್ನು ಬಿಗಿಯಾಗಿ ಬರೆಯಿರಿ, ನಿಖರ ಆವೃತ್ತಿಗಳನ್ನು ಬರೆದಿಡುವ ಲಾಕ್ ಫೈಲನ್ನು ಕೋಡ್ ಜೊತೆ ರೆಪೊದಲ್ಲಿ ಇಡಿ, 'ಎನ್‌ಪಿಎಂ ಇನ್‌ಸ್ಟಾಲ್' ಬದಲು ಆ ಫೈಲಿನಲ್ಲಿ ಇದ್ದಂತೆಯೇ ಹಾಕುವ 'ಎನ್‌ಪಿಎಂ ಸಿಐ' ಬಳಸಿ, ಹೊಸದು ಬಂತೆಂದು ಅದೇ ದಿನ ಹಾಕಿಕೊಳ್ಳುವ ಆತುರ ಬೇಡ.

ಪ್ರಶ್ನೆ: ವಜೀರ್‌ಎಕ್ಸ್ ಎಂಬ ಭಾರತದ ಕ್ರಿಪ್ಟೊ ವಿನಿಮಯ ತಾಣದಲ್ಲಿ ನನ್ನ ದುಡ್ಡೂ ಸಿಕ್ಕಿಕೊಂಡಿತ್ತು. ಮಲ್ಟಿಸಿಗ್ ವಾಲೆಟ್, ಅಷ್ಟು ಜನ ಸಹಿ ಮಾಡಬೇಕಿತ್ತು. ಆದರೂ ಕಳುವಾಗಿದ್ದು ಹೇಗೆ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. 2024ರ ಜುಲೈ 18ರಂದು ಹೋಗಿದ್ದು ಸುಮಾರು 23 ಕೋಟಿ ಡಾಲರ್. ಪರದೆಯಲ್ಲಿ ಕಂಡದ್ದೇ ಒಂದು, ಸಹಿ ಬಿದ್ದದ್ದೇ ಇನ್ನೊಂದಕ್ಕೆ ಎಂದು ವಜೀರ್‌ಎಕ್ಸ್ ಹೇಳಿತು. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಂಬ ವಿನಿಮಯ ತಾಣದಿಂದ ಸುಮಾರು 150 ಕೋಟಿ ಡಾಲರ್ ಹೋದಾಗಲೂ ಇದೇ ಕಥೆ. ಎಷ್ಟೇ ಜನ ಸಹಿ ಹಾಕಲಿ, ಎಲ್ಲರೂ ಒಂದೇ ಪರದೆಯನ್ನು ನಂಬಿದರೆ ಅದು ಓದದ ಕಾಗದಕ್ಕೆ ಸಾಲಾಗಿ ಹೆಬ್ಬೆಟ್ಟು ಒತ್ತಿದ ಹಾಗೆ. ನೀವು ಕೋಡ್ ಬರೆಯುವವರಾದರೆ, ವಹಿವಾಟಿನ ಡೇಟಾ ಜಾಗದಲ್ಲಿರುವ ಆ ಉದ್ದನೆಯ ಹೆಕ್ಸ್ ಸಂಕೇತವನ್ನು ಕಾಂಟ್ರಾಕ್ಟ್‌ನ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ಎಬಿಐ, ಅಂದರೆ ಅದರ ಫಂಕ್ಷನ್‌ಗಳ ವಿವರಪಟ್ಟಿ, ಬಳಸಿ ಬಿಡಿಸಿ, ಯಾವ ಫಂಕ್ಷನ್, ಯಾರಿಗೆ, ಎಷ್ಟು ಎಂದು ಬೇರೆ ಮಷೀನಿನಲ್ಲಿ ತೋರಿಸಿ. ಬಿಡಿಸಲು ಬಾರದಿದ್ದರೆ ಸಹಿಯನ್ನೇ ನಿರಾಕರಿಸುವ ಹಾಗೆ ಬರೆಯಿರಿ.

ಪ್ರಶ್ನೆ: ಟೆಲಿಗ್ರಾಂನಲ್ಲಿ ಒಬ್ಬರು ಸೆಪೋಲಿಯಾ ಈಥರ್ ಮಾರುತ್ತಿದ್ದಾರೆ. ಕಲಿಯಲು ಕೊಳ್ಳಲಾ?

ಉತ್ತರ: ಬೇಡ. ಅದು ಪರೀಕ್ಷೆಗೆಂದೇ ಇರುವ, ಬೆಲೆಯಿಲ್ಲದ ಈಥರ್. ಗೂಗಲ್ ಕ್ಲೌಡ್‌ನ ಫಾಸೆಟ್‌ನಂಥ (ಟೆಸ್ಟ್ ಈಥರ್ ಹಂಚುವ ಪುಟ) ಕಡೆ ಪುಕ್ಕಟೆ ಸಿಗುತ್ತದೆ. ವಾಲೆಟ್‌ಗೆ ಸಂಬಂಧಿಸಿ ಅಲ್ಲಿ ಕೊಡಬೇಕಾದದ್ದು ವಿಳಾಸ ಮಾತ್ರ. ನಿಮ್ಮ ಎಲ್ಲ ಕೀಗಳೂ ಹುಟ್ಟುವ ಹನ್ನೆರಡು ಪದಗಳ ಸೀಡ್ ಫ್ರೇಸ್ ಕೇಳಿದರೆ ಆ ಪುಟವನ್ನು ಅಲ್ಲೇ ಮುಚ್ಚಿ.