ಮಾಲು ಹಡಗು ಹತ್ತಿದ ಮೇಲೆ ನಿಯಮ ಬದಲಾದರೆ?

ಕುಮಟಾದ ಓದುಗರಿಗೆ ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದವರಿಗಾಗಿ ನಿಮ್ಮ ಪತ್ರದ ವಿಷಯ ಇಷ್ಟು: ನಿಮ್ಮದು ಗೇರು ಬೀಜದ ಕಾರ್ಖಾನೆ, ಗೋಡಂಬಿ ಹೊರದೇಶಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ನಡೆಸುವ ನಿಮ್ಮ ಭಾವನಿಗೆ ಎಂಇಐಎಸ್ (ರಫ್ತುದಾರರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ) ಪ್ರೋತ್ಸಾಹಧನ ತಪ್ಪಿತು, ಯಾಕೆಂದರೆ ಮಾಲು ಹೋಗಿ ತಿಂಗಳುಗಟ್ಟಲೆ ಆದ ಮೇಲೆ ನಿಯಮ ಬದಲಾಯಿತು. "ನಾಳೆ ನಮಗೂ ಹೀಗಾದರೆ ಕೋರ್ಟಿಗೆ ಹೋಗಬಹುದಾ, ಇಲ್ಲಾ ಕೊಟ್ಟವರೇ ಕಿತ್ತುಕೊಂಡರು ಅಂತ ಸುಮ್ನಿರಬೇಕಾ?" ಎಂದು ಕೇಳಿದ್ದೀರಿ.

ಸುಮ್ನಿರಬೇಡಿ.

ಮೊದಲು ಭಾವನ ವಿಷಯ. ಸಿದ್ಧ ಉಡುಪಿನ ರಫ್ತಿಗೆ ಶೇ 4ರಷ್ಟು ಎಂಇಐಎಸ್ ಸ್ಕ್ರಿಪ್, ಅಂದರೆ ಆಮದು ಸುಂಕ ಕಟ್ಟಲು ಬಳಸಬಹುದಾದ, ಬೇರೆಯವರಿಗೆ ಮಾರಲೂಬಹುದಾದ ಪತ್ರ, ಸಿಗುತ್ತಿತ್ತು. 2020ರ ಜನವರಿಯಲ್ಲಿ ಸರ್ಕಾರ ಅದನ್ನು ತೆಗೆಯಿತು, ಅದೂ ಆ ದಿನದಿಂದಲ್ಲ, 2019ರ ಮಾರ್ಚ್ 7ರಿಂದ. ಹತ್ತು ತಿಂಗಳು ಹಿಂದಕ್ಕೆ! ಆ ತಾರೀಕಿನಿಂದಲೇ ತೆರಿಗೆ ವಾಪಸ್ ಕೊಡುವ ಬೇರೆ ಯೋಜನೆ ಬಂದಿದೆ, ಎರಡನ್ನೂ ಕೊಡಲಾಗದು ಅನ್ನುವುದು ಸರ್ಕಾರದ ಮಾತು. ಇರಬಹುದು. ಆದರೆ ಆ ಹತ್ತು ತಿಂಗಳು ಹೊರಗಿನ ಗಿರಾಕಿಗೆ ದರ ಹೇಳಿದವರು ಈ ಶೇ 4ನ್ನು ಲೆಕ್ಕಕ್ಕೆ ಹಿಡಿದೇ ಹೇಳಿರುತ್ತಾರೆ ಅಲ್ವಾ? ಮಾಲು ತಲುಪಿ, ದುಡ್ಡು ಬಂದು, ಲೆಕ್ಕ ಮುಗಿದ ಮೇಲೆ ಆ ಗಿರಾಕಿಯ ಹತ್ತಿರ ಮತ್ತೆ ಹೋಗಿ ಇನ್ನಷ್ಟು ಕೊಡಿ ಅಂತ ಕೇಳಲಾಗುತ್ತದಾ? ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ.

ಕಾನೂನು ಏನು ಹೇಳುತ್ತದೆ? 1992ರ ವಿದೇಶಿ ವ್ಯಾಪಾರ ಕಾಯ್ದೆಯ 5ನೇ ಕಲಂ ಕೇಂದ್ರ ಸರ್ಕಾರಕ್ಕೆ ನೀತಿ ಮಾಡುವ, ಬದಲಿಸುವ ಅಧಿಕಾರ ಕೊಟ್ಟಿದೆ. ಹಿಂದಿನ ತಾರೀಕಿನಿಂದ ಬದಲಿಸಬಹುದು ಅಂತ ಅಲ್ಲಿ ಬರೆದಿಲ್ಲ. 2015ರ ಅಕ್ಟೋಬರ್‌ನಲ್ಲಿ ಕನಕ್ ಎಕ್ಸ್‌ಪೋರ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ರಫ್ತು ಹೆಚ್ಚಿಸಿದವರಿಗೆ ಪ್ರೋತ್ಸಾಹ ಕೊಡುವ ಟಾರ್ಗೆಟ್ ಪ್ಲಸ್ ಯೋಜನೆಯ ದರವನ್ನು ಸರ್ಕಾರ 2006ರ ಜೂನ್‌ನಲ್ಲಿ ಇಳಿಸಿ, 2005ರ ಏಪ್ರಿಲ್‌ನಿಂದಲೇ ಅನ್ವಯ ಅಂದಿತ್ತು. ಪ್ರೋತ್ಸಾಹ ಕೊಡುವುದು, ನಿಲ್ಲಿಸುವುದು ನಿಮ್ಮ ಇಷ್ಟ, ಆದರೆ ನಿಲ್ಲಿಸುವುದಾದರೆ ಮುಂದಿನ ದಿನದಿಂದ ನಿಲ್ಲಿಸಿ, ರಫ್ತು ಮಾಡಿ ಗಳಿಸಿದ್ದನ್ನು ಕಿತ್ತುಕೊಳ್ಳಬೇಡಿ ಅನ್ನುವುದು ತೀರ್ಪಿನ ಸಾರ. ಅದೇ ತೀರ್ಪಿನಲ್ಲಿ, ರಫ್ತಿನ ಅಂಕಿ ಉಬ್ಬಿಸಲು ಅದೇ ಚಿನ್ನ-ವಜ್ರವನ್ನು ಒಳಗೆ ತರಿಸಿ ಹೊರಗೆ ಕಳಿಸಿ ಸುತ್ತಿಸಿದವರಿಗೆ ಮಾತ್ರ ರಕ್ಷಣೆ ಸಿಗಲಿಲ್ಲ. ಅದು ಸರಿಯೇ.

ಹಾಗಂತ ಗೆದ್ದೇಬಿಟ್ಟೆವು ಅಂದುಕೊಳ್ಳಬೇಡಿ. 2020ರ ಏಪ್ರಿಲ್‌ನಲ್ಲಿ ವಿವಿಎಫ್ ಪ್ರಕರಣದಲ್ಲಿ ಅದೇ ಕೋರ್ಟ್ ಸರ್ಕಾರದ ಪರ ನಿಂತಿತು. ಅದು ರಫ್ತಿನದ್ದಲ್ಲ, ಕಛ್ ಭೂಕಂಪದ ನಂತರ ಕೊಟ್ಟ ಅಬಕಾರಿ ಸುಂಕ ವಿನಾಯಿತಿಯದ್ದು. ದುರುಪಯೋಗ ತಡೆಯಲು ಬಂದ ಸ್ಪಷ್ಟನೆ ಇದು, ಹೊಸ ನಿಯಮವಲ್ಲ ಅಂತ ಅಲ್ಲಿ ತೀರ್ಮಾನವಾಯಿತು. ಈಗ ಸರ್ಕಾರಿ ವಕೀಲರು ಇದನ್ನೇ ಮುಂದಿಡುತ್ತಾರೆ, ಹಾಗಾಗಿ ನಿಮ್ಮ ವಕೀಲರು ನಿಜವಾಗಿ ವಾದಿಸಬೇಕಾದ್ದು, ಇದು ಸ್ಪಷ್ಟನೆಯಲ್ಲ, ಇದ್ದ ಹಕ್ಕನ್ನು ತೆಗೆದದ್ದು ಅಂತ.

ತಾರೀಕು ಇಲ್ಲಿ ಬಹಳ ಮುಖ್ಯ. 2020ರ ಸೆಪ್ಟೆಂಬರ್ 1ರಂದು ಬಂದ ಆದೇಶ ನೋಡಿ: ಅಂದಿನಿಂದ ಡಿಸೆಂಬರ್ 31ರವರೆಗಿನ ರಫ್ತಿಗೆ ಒಬ್ಬರಿಗೆ 2 ಕೋಟಿ ರೂಪಾಯಿಗಿಂತ ಜಾಸ್ತಿ ಎಂಇಐಎಸ್ ಇಲ್ಲ ಅಂದಿತು. ಕಹಿ ಮಾತೇ, ಆದರೆ ಮುಂದಕ್ಕೆ ಅನ್ವಯ. ಇಂಥದ್ದನ್ನು ಪ್ರಶ್ನಿಸುವುದು ಕಷ್ಟ. ಆದೇಶ ಹೊರಡುವ ಮೊದಲೇ ನಿಮ್ಮ ಗೋಡಂಬಿ ಹೋಗಿದ್ದರೆ ಮಾತೇ ಬೇರೆ. ಅದಕ್ಕೇ ಶಿಪ್ಪಿಂಗ್ ಬಿಲ್, ಕಸ್ಟಮ್ಸ್‌ನ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ (ಮಾಲು ಹೊರಡಲು ಕೊಡುವ ಅನುಮತಿ), ಗಿರಾಕಿಗೆ ದರ ಹೇಳಿದ ಇಮೇಲ್ ಎಲ್ಲವನ್ನೂ ಎತ್ತಿಡಿ.

ದೆಹಲಿಗೇ ಹೋಗಬೇಕಾ ಅಂತಲೂ ಕೇಳಿದ್ದೀರಿ. ಬೇಡ. ನಿಮ್ಮ ಉತ್ತರ ಕನ್ನಡ ಜಿಲ್ಲೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರುತ್ತದೆ. ವ್ಯವಹಾರದ ಒಂದು ಭಾಗ ಇಲ್ಲಿ ನಡೆದಿದ್ದರೆ ಸಂವಿಧಾನದ 226ನೇ ವಿಧಿಯಡಿ ಅಲ್ಲೇ ರಿಟ್ ಅರ್ಜಿ ಹಾಕಬಹುದು. ಅರ್ಜಿಗೆ ಕಟ್ಟುನಿಟ್ಟಾದ ಗಡುವಿಲ್ಲ, ಆದರೆ ವರ್ಷಗಟ್ಟಲೆ ಬಿಟ್ಟು ಹೋದರೆ ಇಷ್ಟು ದಿನ ಎಲ್ಲಿದ್ದಿರಿ ಅಂತ ಕೋರ್ಟೇ ಕೇಳುತ್ತದೆ.

ಭಾವನವರ ಬಿಲ್ಲುಗಳು ಯಾವ ತಿಂಗಳಿನವು, ಡಿಜಿಎಫ್‌ಟಿಗೆ (ಕೇಂದ್ರದ ವಿದೇಶಿ ವ್ಯಾಪಾರ ನಿರ್ದೇಶನಾಲಯ) ಅರ್ಜಿ ಕೊಟ್ಟಿದ್ದರಾ, ತಿರಸ್ಕರಿಸಿದ ಪತ್ರ ಲಿಖಿತವಾಗಿ ಕೈಯಲ್ಲಿದೆಯಾ? ಕೇಳಿ ಬರೆಯಿರಿ.

ಸಂಪಾದಕ