ದಿನವಿಡೀ ದುಡಿಯುವವರು ‘ಎಡೆಬಿಡದೆ’ ಪ್ರಾರ್ಥಿಸುವುದು ಹೇಗೆ?

ಭಾನುವಾರದ ಆರಾಧನೆಯಲ್ಲಿಯೂ ಕಷ್ಟ ಬಂದಾಗಲೂ ಪ್ರಾರ್ಥಿಸುತ್ತೇನೆ, ಆದರೆ ಅದು ದಿನನಿತ್ಯದ ರೂಢಿಯಾಗಿ ನಿಲ್ಲುತ್ತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೆಲಸವಿರುವ ನನ್ನಂಥವರು ‘ಎಡೆಬಿಡದೆ ಪ್ರಾರ್ಥನೆಮಾಡಿರಿ’ ಎಂಬ ಮಾತನ್ನು ಪಾಲಿಸುವುದಾದರೂ ಹೇಗೆ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಹಲವು ವರ್ಷ ಹೊತ್ತು ತಿರುಗಿದವನು ನಾನು.

ಆ ಮಾತು ಬೈಬಲಿನಲ್ಲಿ, ಅಪೊಸ್ತಲನಾದ ಪೌಲನು ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರದ 5ನೇ ಅಧ್ಯಾಯದಲ್ಲಿದೆ. ಯಾರಿಗೂ ಭಾರವಾಗಬಾರದೆಂದು ತಾನು ಹಗಲಿರುಳು ದುಡಿದದ್ದನ್ನು ಅವನು ಅದೇ ಪತ್ರದ 2ನೇ ಅಧ್ಯಾಯದಲ್ಲಿ ನೆನಪಿಸುತ್ತಾನೆ. ಹಾಗಾಗಿ ಈ ಬುದ್ಧಿವಾದ ಬಂದದ್ದು ಗುಡಾರ ಮಾಡುವ ಕಸುಬಿನ ಮನುಷ್ಯನಿಂದಲೇ ಹೊರತು, ಬೇರೆ ಕೆಲಸವಿಲ್ಲದೆ ಕಣ್ಣು ಮುಚ್ಚಿ ಕುಳಿತವನಿಂದಲ್ಲ.

ನಾನು ಎಡವಿದ್ದು ಇಲ್ಲಿಯೇ. ದಿನವಿಡೀ ಮನಸ್ಸಿನಲ್ಲೇ ದೇವರೊಡನೆ ಮಾತನಾಡಿಕೊಂಡರಾಯಿತು, ಗೊತ್ತಾದ ಹೊತ್ತಿನ ಪ್ರಾರ್ಥನೆ ಬರೀ ಆಚರಣೆ ಎಂದುಕೊಂಡು ಅದನ್ನು ಕೈಬಿಟ್ಟೆ. ಕೆಲವೇ ವಾರಗಳಲ್ಲಿ, ರಾತ್ರಿ ಮಲಗಿದಾಗಲಷ್ಟೇ ಆ ದಿನ ದೇವರನ್ನು ಒಮ್ಮೆಯೂ ನೆನೆಯಲಿಲ್ಲವೆಂಬುದು ಹೊಳೆಯತೊಡಗಿತು. ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ನಸುಕಿನಲ್ಲಿ ಎದ್ದು ಒಂದು ಗಂಟೆ ಪ್ರಾರ್ಥಿಸುವ ಹಟ ತೊಟ್ಟೆ. ಒಂಬತ್ತನೆಯ ದಿನ ತೆರೆದ ಬೈಬಲಿನ ಮೇಲೆ ಹಣೆಯೂರಿ ನಿದ್ದೆಹೋಗಿದ್ದೆ.

ನನಗೆ ದಾರಿ ತೋರಿದ್ದು ಬೈಬಲಿನ ನೆಹೆಮೀಯನ ಗ್ರಂಥದ 2ನೇ ಅಧ್ಯಾಯದ ಪ್ರಸಂಗ. ಪರ್ಷಿಯದ ಅರಸನ ಪಾನಸೇವಕನಾಗಿದ್ದ ನೆಹೆಮೀಯನನ್ನು, ನಿನ್ನ ಬೇಡಿಕೆಯೇನೆಂದು ಅರಸನು ಕೇಳುತ್ತಾನೆ. ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ತಾನು ದೇವರಿಗೆ ಪ್ರಾರ್ಥಿಸಿದೆನೆಂದು ನೆಹೆಮೀಯನು ಬರೆಯುತ್ತಾನೆ. ಒಂದು ಉಸಿರಿನಷ್ಟು ಹೊತ್ತು ಸಿಕ್ಕಿರಬಹುದು. ಆದರೆ ಹಿಂದಿನ ಅಧ್ಯಾಯವನ್ನು ಓದಿ: ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಬಂದಾಗ ಅವನು ಕುಳಿತು ಅತ್ತು, ಉಪವಾಸವಿದ್ದು ಪ್ರಾರ್ಥಿಸಿದ್ದನು, ಅರಸನ ಪ್ರಶ್ನೆ ಎದುರಾದದ್ದು ಸುಮಾರು ನಾಲ್ಕು ತಿಂಗಳ ನಂತರ, ನೀಸಾನ್ ತಿಂಗಳಲ್ಲಿ. ಆ ಒಂದು ಉಸಿರಿನ ಪ್ರಾರ್ಥನೆಯ ಹಿಂದೆ ಅಷ್ಟು ದಿನಗಳ ಮೊರೆಯಿತ್ತು. ಗೊತ್ತಾದ ಹೊತ್ತಿನ ಪ್ರಾರ್ಥನೆ ಬೇರು, ನಡುನಡುವಿನ ಕಿರುಪ್ರಾರ್ಥನೆ ಚಿಗುರು ಎಂದು ಅಂದಿನಿಂದ ನಂಬಿದ್ದೇನೆ. ಬೇರಿಲ್ಲದೆ ಚಿಗುರನ್ನು ಬಯಸಿದ್ದೇ ನನ್ನ ತಪ್ಪು.

ಈಗ ಬೆಳಿಗ್ಗೆ ಹತ್ತು ನಿಮಿಷ, ಒಂದೇ ಕುರ್ಚಿ, ಫೋನು ಬೇರೆ ಕೋಣೆಯಲ್ಲಿ. ಬೈಬಲಿನ ಒಂದು ಕೀರ್ತನೆಯನ್ನು ತುಟಿಯಾಡಿಸಿ ಓದುತ್ತೇನೆ, ಚೀಟಿಯಲ್ಲಿ ಬರೆದಿಟ್ಟ ನಾಲ್ಕೈದು ಹೆಸರುಗಳನ್ನು ದೇವರ ಮುಂದೆ ಹೇಳುತ್ತೇನೆ, ಕರ್ತನಾದ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಿಂದ ಮುಗಿಸುತ್ತೇನೆ. ಅದೇ ಪ್ರಾರ್ಥನೆಯನ್ನು ಮಧ್ಯಾಹ್ನವೂ ರಾತ್ರಿಯೂ ಮತ್ತೆ ಹೇಳುತ್ತೇನೆ. ಇದು ನನ್ನ ಕಲ್ಪನೆಯಲ್ಲ, ಆದಿಸಭೆಯ ‘ದಿದಾಖೆ’ ಎಂಬ ಬೋಧನಾಗ್ರಂಥವೇ ಅದನ್ನು ದಿನಕ್ಕೆ 3 ಸಲ ಹೇಳಲು ವಿಧಿಸಿತ್ತು. ಸಿದ್ಧವಾದ ಮಾತುಗಳಲ್ಲಿ ಜೀವವಿಲ್ಲವೆನ್ನುವವರಿದ್ದಾರೆ. ದಣಿದ ರಾತ್ರಿಗಳಲ್ಲಿ ನನ್ನ ಸ್ವಂತ ಮಾತುಗಳಿಗಿಂತ ಅವೇ ಹೆಚ್ಚು ಪ್ರಾಮಾಣಿಕವಾಗಿದ್ದವು ಎಂದಷ್ಟೇ ಹೇಳಬಲ್ಲೆ.

ಉಳಿದ ಹೊತ್ತಿಗೆ, ಹೇಗೂ ಮಾಡುವ ಕೆಲಸಕ್ಕೆ ಒಂದು ಸಾಲನ್ನು ಗಂಟುಹಾಕಿ. ಸಿಡುಕಿನ ಮನುಷ್ಯರೊಬ್ಬರ ಕರೆ ಬಂದಾಗ, ಫೋನು ಎರಡನೆಯ ಸಲ ರಿಂಗಾಗುವವರೆಗೆ ಕೈ ತಡೆದು, ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು’ ಎನ್ನುತ್ತೇನೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಸುಂಕದವನು ಎದೆ ಬಡಿದುಕೊಂಡು ಹೇಳಿದ ಮಾತದು. ಪೂರ್ವದ ಆರ್ಥೊಡಾಕ್ಸ್ ಸಭೆಗಳ ‘ಯೇಸುವಿನ ಪ್ರಾರ್ಥನೆ’ ಎಂಬ, ಮತ್ತೆ ಮತ್ತೆ ಹೇಳುವ ಕಿರುಪ್ರಾರ್ಥನೆಯಲ್ಲಿಯೂ ಅದೇ ಮೊರೆಯಿದೆ. ಆಮೇಲೆ ನನ್ನ ದನಿ ಯಾವಾಗಲೂ ಮೃದುವಾಗುತ್ತದೆಂದೇನಲ್ಲ.

ಮಾತೇ ಬಾರದ ದಿನಗಳೂ ಇರುತ್ತವೆ. ನಮ್ಮ ಬಲಹೀನತೆಯಲ್ಲಿ ಪವಿತ್ರಾತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುವುದರಿಂದ, ಅಂಥ ದಿನ ಸುಮ್ಮನೆ ಕುಳಿತು ಎದ್ದರೂ ಅದನ್ನು ಪ್ರಾರ್ಥನೆಯೆಂದೇ ಎಣಿಸುತ್ತೇನೆ. ಪೂರ್ತಿ ತಪ್ಪಿಹೋದ ದಿನಗಳ ಬಾಕಿಯನ್ನು ಮಾತ್ರ ಮರುದಿನ ಎರಡುಪಟ್ಟು ತೀರಿಸಲು ಹೋಗಬೇಡಿ. ಅದೇ ಹತ್ತು ನಿಮಿಷಕ್ಕೆ ಅದೇ ಕುರ್ಚಿಗೆ ಹಿಂದಿರುಗಿ.